ವಿದ್ಯಾರಣ್ಯರ ವಿಚಾರಪಥ

ಹೊಸಪೇಟೆಯಿಂದ ಹಂಪೆಗೆ ಹೋದವರು ವಿರೂಪಾಕ್ಷ ದೇಗುಲವನ್ನು ಕಾಣದೆ ಮರಳುವುದಿಲ್ಲ. ಅದರ ಬಳಿಯಲ್ಲಿಯೇ ವಿದ್ಯಾರಣ್ಯರ ಹೆಸರನ್ನು ಹೊತ್ತ ಮಠವಿದೆ. ಆ ಹೆಸರಿನ ಹಿಂದಿರುವ ಚಿಂತನೆಯನ್ನು ನೆನೆಯುವವರು ಮಾತ್ರ ವಿರಳ.

1327ರಲ್ಲಿ ದೆಹಲಿಯ ಸೈನ್ಯದ ದಾಳಿಗೆ ಕಂಪ್ಲಿಯ ರಾಜ್ಯವು ಪತನಗೊಂಡಿತು. ಅದೇ ಸೀಮೆಯಲ್ಲಿ 1336ರಲ್ಲಿ ವಿಜಯನಗರವು ತಲೆಯೆತ್ತಿತು. ನಾಡನ್ನು ಕಟ್ಟಲು ಕೋಟೆಯೊಂದೇ ಸಾಲದು. ಜನರು ನಂಬಿ ಬಾಳುವಂತಹ ನ್ಯಾಯವೂ ಬೇಕು. ಬುಕ್ಕರಾಯನ (1356-1377) ಗುರುವೂ ಮಂತ್ರಿಯೂ ಆಗಿದ್ದ ಮಾಧವಾಚಾರ್ಯರು ಇದನ್ನು ಅರಿತಿದ್ದರು. ಅವರೇ ಮುಂದೆ ಸನ್ಯಾಸಿಯಾಗಿ ವಿದ್ಯಾರಣ್ಯರೆನಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಈ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಉಂಟು.

ಪರಾಶರ ಸ್ಮೃತಿಯಲ್ಲಿ ಆಚಾರ ಮತ್ತು ಪ್ರಾಯಶ್ಚಿತ್ತಗಳ ವಿಚಾರವಿದೆ. ವ್ಯವಹಾರ, ಎಂದರೆ ನ್ಯಾಯವಿಚಾರಣೆಯ ಭಾಗವಿಲ್ಲ. ಮಾಧವರು ತಮ್ಮ 'ಪರಾಶರ ಮಾಧವೀಯ'ದಲ್ಲಿ ಆ ಕೊರತೆಯನ್ನು ತುಂಬಿದರು. ಅರಸನು ಧರ್ಮದಿಂದ ಭೂಮಿಯನ್ನು ಪಾಲಿಸಬೇಕೆಂಬ ಒಂದು ಮಾತನ್ನೇ ಆಧಾರವಾಗಿ ಹಿಡಿದು, ಸಾಲ, ಠೇವಣಿ, ಪಾಲುಗಾರಿಕೆ, ಕೂಲಿ, ಎಲ್ಲೆಯ ತಕರಾರು, ಆಸ್ತಿಯ ಹಂಚಿಕೆ ಮೊದಲಾದವನ್ನು ವಿವೇಚಿಸುವ ಒಂದು ಕಾಂಡವನ್ನೇ ರಚಿಸಿದರು. ಕೂಲಿಯವನಿಗೆ ಸಲ್ಲಬೇಕಾದುದು ಸಲ್ಲದಿದ್ದರೆ ಅದು ಹಣದ ಪ್ರಶ್ನೆಯಷ್ಟೇ ಅಲ್ಲ. ನೀತಿಯ ಪ್ರಶ್ನೆ, ರಾಜ್ಯದ ಪ್ರಶ್ನೆ. ಆ ಕಾಲದ ಧರ್ಮಶಾಸ್ತ್ರವು ವರ್ಣಭೇದವನ್ನು ಒಪ್ಪಿತ್ತೆಂಬುದನ್ನೂ ಮರೆಯಲಾಗದು. ಎಲ್ಲರೂ ಸಮಾನರೆಂಬ ನ್ಯಾಯವನ್ನು ನಮ್ಮ ಸಂವಿಧಾನವು ನಮಗೆ ನೀಡಿದೆ.

ಹೊರಗಿನ ನ್ಯಾಯವು ನೆಲೆನಿಲ್ಲಲು ಒಳಗಿನ ಮನಸ್ಸು ಸ್ವಸ್ಥವಾಗಿರಬೇಕು. ವಿದ್ಯಾರಣ್ಯರ 'ಜೀವನ್ಮುಕ್ತಿವಿವೇಕ'ವು ಮನಸ್ಸಿನ ರೋಗಗಳನ್ನು ವೈದ್ಯನಂತೆ ಪರೀಕ್ಷಿಸುತ್ತದೆ. ಎಲ್ಲರೂ ತನ್ನನ್ನು ಹೊಗಳಲೆಂಬ ಹಂಬಲ, ದೇಹದ ಮೋಹ, ಇವುಗಳ ಸಾಲಿನಲ್ಲಿ ಶಾಸ್ತ್ರದ ಗೀಳನ್ನೂ ಅದು ಸೇರಿಸುತ್ತದೆ! ಮಹಾಪಂಡಿತರೇ ಪಾಂಡಿತ್ಯದ ಗೀಳನ್ನು ರೋಗವೆಂದು ಕರೆದರು. ಇದಕ್ಕೆ ಅವರು ಭರದ್ವಾಜ ಮುನಿಯ ಕಥೆಯನ್ನು ನಿದರ್ಶನವಾಗಿ ಎತ್ತಿಕೊಂಡರು. ಮೂರು ಆಯುಷ್ಯಗಳನ್ನು ವೇದಾಧ್ಯಯನದಲ್ಲೇ ಕಳೆದ ಆ ಮುನಿಗೆ ಇಂದ್ರನು ಮೂರು ಪರ್ವತಗಳನ್ನು ತೋರಿಸಿ, ಒಂದೊಂದರಿಂದ ಒಂದೊಂದು ಹಿಡಿಯನ್ನು ತೆಗೆದು, "ನೀನು ಕಲಿತದ್ದು ಇಷ್ಟೇ" ಎಂದನಂತೆ. ಸಂಡೂರಿನ ಬೆಟ್ಟಸಾಲನ್ನು ಕಂಡವರಿಗೆ ಈ ಮಾತಿನ ತೂಕ ತಿಳಿದೀತು.

ರೋಗಕ್ಕೆ ಮದ್ದನ್ನೂ ಆ ಗ್ರಂಥವು ಹೇಳುತ್ತದೆ. ಯೋಗಶಾಸ್ತ್ರವನ್ನು ಅನುಸರಿಸಿ, ಸುಖಿಗಳಲ್ಲಿ ಸ್ನೇಹ, ದುಃಖಿಗಳಲ್ಲಿ ಕರುಣೆ, ಸಜ್ಜನರಲ್ಲಿ ಸಂತೋಷ, ದುರ್ಜನರಲ್ಲಿ ಉಪೇಕ್ಷೆ, ಈ ನಾಲ್ಕನ್ನು ಅಭ್ಯಾಸಮಾಡಿದರೆ ಚಿತ್ತವು ತಿಳಿಯಾಗುವುದು.

ಶಾಲೆಯಲ್ಲಿ ನಾವು ಅರ್ಥಶಾಸ್ತ್ರ, ಪೌರನೀತಿಗಳನ್ನು ಬೇರೆ ಬೇರೆಯಾಗಿ ಓದುತ್ತೇವೆ. ಬಾಳು ಮಾತ್ರ ಹಾಗೆ ಹಂಚಿಹೋಗಿಲ್ಲ. ಮನುಷ್ಯನು ಹೇಗೆ ಬಾಳಬೇಕೆಂಬ ಒಂದೇ ಪ್ರಶ್ನೆಗೆ ಎಲ್ಲ ವಿದ್ಯೆಗಳೂ ಉತ್ತರವನ್ನು ಅರಸುತ್ತವೆ. ಆ ಪ್ರಶ್ನೆಯನ್ನು ಮರೆತ ವಿದ್ಯೆ, ಎಷ್ಟೇ ದೊಡ್ಡದಾದರೂ, ಬರಿಯ ಹೊರೆಯೇ ಸರಿ.