ಕಾರ್ಖಾನೆಗಳ ಫಸಲನ್ನು ಅಳೆಯುವ ಕೊಳಗ



ಮೊನ್ನೆ ಸಂಜೆ ಪಂಚಾಯಿತಿ ಕಟ್ಟೆಯ ಮೇಲೆ ರೇಡಿಯೋ ವಾರ್ತೆ ಕೇಳುತ್ತಾ ಕುಳಿತಿದ್ದೆವು. ದೇಶದ ಕೈಗಾರಿಕಾ ಉತ್ಪಾದನೆ ಶೇಕಡ ಇಷ್ಟು ಏರಿದೆ ಎಂಬ ಮಾತು ಬಂತು. ಹಿರಿಯರೊಬ್ಬರು ಕೂಡಲೇ ನನ್ನತ್ತ ತಿರುಗಿ, "ನನ್ನ ಎರಡೆಕರೆ ರಾಗಿ ಅಳೆಯುವುದಕ್ಕೇ ಅರ್ಧ ದಿನ ಬೇಕು. ಇಡೀ ದೇಶದ ಗಿರಣಿ, ಗಣಿ, ಕಾರ್ಖಾನೆಗಳನ್ನು ಇವರು ಯಾವ ಕೊಳಗದಲ್ಲಿ ಅಳೆದರಪ್ಪಾ?" ಎಂದರು. ಆಗ ಏನೋ ಒಂದು ಉತ್ತರ ಕೊಟ್ಟೆ. ಅದು ಅವರಿಗೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ಆದುದರಿಂದ ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ತೊಡಕು ಹಣದ್ದು. ಎರಡನೆಯ ಮಹಾಯುದ್ಧ 1939ರಲ್ಲಿ ಆರಂಭವಾಗಿ 1945ರಲ್ಲಿ ಮುಗಿಯುವುದರೊಳಗೆ ನಮ್ಮ ದೇಶದಲ್ಲಿ ಸಗಟು ಬೆಲೆಗಳು ಎರಡು ಪಟ್ಟಿಗೂ ಮೀರಿ ಏರಿದ್ದವು. ಹೀಗಿರುವಲ್ಲಿ ಒಂದು ಬಟ್ಟೆ ಗಿರಣಿ ಮೊದಲು ನೂರು ರೂಪಾಯಿನ ಬಟ್ಟೆ ಮಾರುತ್ತಿದ್ದುದು ಈಗ ಇನ್ನೂರು ರೂಪಾಯಿನದು ಮಾರಿತೆಂದರೆ, ಬಟ್ಟೆ ಹೆಚ್ಚಿತೆಂದು ಹೇಳಲು ಬರುವುದಿಲ್ಲ. ಗಜ ಕಡಿಮೆಯೇ ಆಗಿದ್ದಿರಬಹುದು. ಸಂತೆಯಲ್ಲಿ ಹುಣಿಸೆಗೆ ಬೆಲೆ ಬಂದ ವರ್ಷ ಜೇಬು ತುಂಬುತ್ತದೆ. ಅಷ್ಟಕ್ಕೇ ಮರ ಹೆಚ್ಚು ಕಾಯಿ ಬಿಟ್ಟಿತೆಂದು ಯಾರೂ ಹೇಳುವುದಿಲ್ಲವಷ್ಟೆ. ಆದುದರಿಂದ ಉತ್ಪಾದನೆಯನ್ನು ರೂಪಾಯಿಯಲ್ಲಿ ಅಳೆಯದೆ ಟನ್ನು, ಗಜ, ಯೂನಿಟ್ಟುಗಳಲ್ಲಿ ಅಳೆಯಬೇಕಾಯಿತು.

ಇಲ್ಲಿ ಎರಡನೆಯ ತೊಡಕು ಬಂತು. ಕಲ್ಲಿದ್ದಲಿನ ಟನ್ನಿಗೆ ಬಟ್ಟೆಯ ಗಜವನ್ನು ಕೂಡಿಸುವುದು ಹೇಗೆ? ಇದನ್ನು ನಮ್ಮ ಹಳ್ಳಿಯ ಲೆಕ್ಕದಲ್ಲೇ ನೋಡೋಣ. ಒಂದು ಊರಿನಲ್ಲಿ ಒಂದು ಆಲೆಮನೆ, ಒಂದು ಗಾಣ, ಕೆಲವು ಮಗ್ಗಗಳು ಇವೆಯೆಂದು ಇಟ್ಟುಕೊಳ್ಳಿ. ಮೊದಲ ವರ್ಷ 200 ಅಚ್ಚು ಬೆಲ್ಲ, 50 ಡಬ್ಬ ಎಣ್ಣೆ, 1,000 ಗಜ ಬಟ್ಟೆ ಆಯಿತು. ಆ ವರ್ಷದ ಮೂರನ್ನೂ 100 ಎಂದು ಕರೆಯಿರಿ. ಮರುವರ್ಷ ಬೆಲ್ಲ 240 ಅಚ್ಚು, ಅಂದರೆ 120. ಎಣ್ಣೆ 45 ಡಬ್ಬ, ಅಂದರೆ 90. ಬಟ್ಟೆ 1,100 ಗಜ, ಅಂದರೆ 110. ಈಗ ಅಚ್ಚು, ಡಬ್ಬ, ಗಜಗಳ ಜಗಳ ತಪ್ಪಿತು. ಮೂರೂ ಒಂದೇ ಬಗೆಯ ಅಂಕಿಗಳಾದವು.

ಆದರೆ ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ ಸಾಲದು. ಊರಿನ ಬದುಕಿನಲ್ಲಿ ಆಲೆಮನೆಯ ಪಾಲು ದೊಡ್ಡದು, ಗಾಣದ ಪಾಲು ಚಿಕ್ಕದು. ಈ ಮೂರು ಕಸುಬುಗಳಿಂದ ಊರಿಗೆ ಸೇರುವ ಪ್ರತಿ ನೂರು ರೂಪಾಯಿಯಲ್ಲಿ ಆಲೆಮನೆಯದು 50, ಮಗ್ಗದ್ದು 30, ಗಾಣದ್ದು 20 ಎಂದಿದ್ದರೆ, ಆ ತೂಕವನ್ನು ಕೊಟ್ಟು ಎಣಿಸಬೇಕು. 120ರ ಅರ್ಧ 60. 110ರಲ್ಲಿ ನೂರಕ್ಕೆ 30ರಂತೆ 33. 90ರಲ್ಲಿ ನೂರಕ್ಕೆ 20ರಂತೆ 18. ಒಟ್ಟು 111. ಊರಿನ ಉತ್ಪಾದನೆ ಶೇಕಡ 11 ಏರಿತು. ಹೀಗೆ ಬಂದ ಅಂಕಿಗೆ ಸೂಚ್ಯಂಕವೆಂದು ಹೆಸರು. ಮೊದಲ ವರ್ಷಕ್ಕೆ ಆಧಾರ ವರ್ಷವೆಂದು ಹೆಸರು.

ಇಲ್ಲೊಂದು ಸೂಕ್ಷ್ಮವಿದೆ. ತೂಕ ಹಾಕುವಾಗ ಎಣ್ಣೆ ಮಾರಿದ ಪೂರ್ತಿ ಹಣವನ್ನು ಗಾಣದ ಲೆಕ್ಕಕ್ಕೆ ಬರೆಯುವುದಿಲ್ಲ. ಅದರಲ್ಲಿ ಕಡಲೆಕಾಯಿಯ ಬೆಲೆ ಬೆಳೆದವನದು. ಅದನ್ನು ಕಳೆದು, ಗಾಣವು ತಾನಾಗಿ ಸೇರಿಸಿದ ಮೌಲ್ಯವನ್ನಷ್ಟೇ ಹಿಡಿಯಬೇಕು. ಹಾಗೆ ಮಾಡದಿದ್ದರೆ ರೈತನ ಬೆವರು ಎರಡು ಸಲ ಎಣಿಕೆಗೆ ಬೀಳುತ್ತದೆ. ನನಗೆ ಈ ಲೆಕ್ಕದಲ್ಲಿ ಬಹಳ ಮೆಚ್ಚುಗೆಯಾದದ್ದು ಈ ನಿಯಮವೇ.

ನಮ್ಮ ಸರ್ಕಾರ ಮೊದಲು ಹೊರಡಿಸುತ್ತಿದ್ದ ಸೂಚ್ಯಂಕಕ್ಕೆ 1937 ಆಧಾರ ವರ್ಷ. ಅದರಲ್ಲಿ 15 ಕೈಗಾರಿಕೆಗಳು ಮಾತ್ರ ಇದ್ದವು. ಯುದ್ಧ ಮುಗಿದ ಮೇಲೆ ಆ ಹಳೆಯ ಕೊಳಗ ಸಾಲದೆಂದು ಕಂಡಿತು. 1942ರ ಕೈಗಾರಿಕಾ ಅಂಕಿಅಂಶಗಳ ಕಾಯಿದೆಯ ಬಲದಿಂದ 1946ರ ವರ್ಷಕ್ಕೆ ಕಾರ್ಖಾನೆಗಳ ಮೊದಲನೆಯ ಗಣತಿ ನಡೆಯಿತು. ಯಂತ್ರಬಲ ಬಳಸಿ 20 ಮಂದಿಗೆ ಕಡಿಮೆಯಿಲ್ಲದೆ ಕೆಲಸ ಕೊಡುವ ಕಾರ್ಖಾನೆಗಳನ್ನು, 29 ಕೈಗಾರಿಕೆಗಳಲ್ಲಿ ಎಣಿಸಿದರು. ಹೊಸ ಸೂಚ್ಯಂಕಕ್ಕೂ 1946ನ್ನೇ ಆಧಾರ ವರ್ಷವನ್ನಾಗಿ ಹಿಡಿದು 100 ಎಂದು ಕರೆದರು.

ಆ ಲೆಕ್ಕದಲ್ಲಿ 1947ರ ಅಂಕಿ ಸುಮಾರು 97ಕ್ಕೆ ಇಳಿಯಿತು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಯುದ್ಧಕಾಲದಲ್ಲಿ ಹಗಲಿರುಳೂ ಓಡಿಸಿದ ಯಂತ್ರಗಳು ಸವೆದಿದ್ದವು, ಹೊಸವು ಬಂದಿರಲಿಲ್ಲ, ಮುಷ್ಕರಗಳು ನಡೆದವು, ರೈಲು ವ್ಯಾಗನ್ನುಗಳ ಕೊರತೆಯಿತ್ತು. ಅದರ ಮೇಲೆ ದೇಶ ವಿಭಜನೆಯಾಯಿತು. ಸೆಣಬಿನ ಗಿರಣಿಗಳು ಕಲ್ಕತ್ತೆಯ ಸುತ್ತ ಇತ್ತ ಉಳಿದವು, ಸೆಣಬು ಬೆಳೆಯುವ ನೆಲದ ಬಹುಪಾಲು ಪೂರ್ವ ಬಂಗಾಳದಲ್ಲಿ ಅತ್ತ ಹೋಯಿತು. ಬಟ್ಟೆ ಗಿರಣಿಗಳು ಇಲ್ಲಿ, ಒಳ್ಳೆಯ ಹತ್ತಿಯ ಹೊಲಗಳು ಸಿಂಧ್ ಮತ್ತು ಪಶ್ಚಿಮ ಪಂಜಾಬಿನಲ್ಲಿ. ಹೊಲವಿಲ್ಲದೆ ಗಿರಣಿ ಓಡದೆಂಬುದನ್ನು ಆಗ ಊರಿಗೆ ಊರೇ ಕಂಡಿತು. 1949 ಮತ್ತು 1950ರಲ್ಲೂ ಅಂಕಿ 105ರ ಆಸುಪಾಸಿನಲ್ಲೇ ನಿಂತಿತು. 1951ರಲ್ಲಿ 117, 1953ರಲ್ಲಿ 135ರ ಸುಮಾರಿಗೆ ಏರಿತು.

ಆಧಾರ ವರ್ಷದ ಬಗ್ಗೆ ಒಂದು ಎಚ್ಚರಿಕೆ ಬೇಕು. ಬಾವಿ ಬತ್ತಿದ ವರ್ಷವನ್ನು 100 ಎಂದರೆ ಮುಂದಿನ ಪ್ರತಿ ವರ್ಷವೂ ನೀರು ತುಂಬಿ ತುಳುಕಿದಂತೆ ಕಾಣುತ್ತದೆ. 1946 ಯುದ್ಧದ ಭರಾಟೆ ಇಳಿದಿದ್ದ ವರ್ಷ. ಆದುದರಿಂದ ಅದರ ಮೇಲಿನ ಏರಿಕೆಯನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಕೊಳಗವನ್ನು ಆಗಾಗ ಬದಲಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು: ಹೊಸ ಹೊಸ ಸರಕುಗಳು ಹುಟ್ಟುತ್ತಿರುತ್ತವೆ. 1951ರ ಆಧಾರದಲ್ಲಿ 88 ಬಾಬುಗಳಿದ್ದವು, 1956ರದರಲ್ಲಿ 201, 1960ರದರಲ್ಲಿ 312. ಮುಂದೆ 2017ರಲ್ಲಿ 2011-12ನೇ ಸಾಲನ್ನು ಆಧಾರ ಮಾಡಿದಾಗ ಕಾರ್ಖಾನೆ ಸರಕುಗಳೇ 809 ಆದವು. ಆ ಲೆಕ್ಕದಲ್ಲಿ ನೂರು ಪಾಲಿನಲ್ಲಿ ಕಾರ್ಖಾನೆಗಳಿಗೆ 77ಕ್ಕೂ ಹೆಚ್ಚು, ಗಣಿಗಳಿಗೆ 14ರ ಮೇಲೆ, ವಿದ್ಯುತ್ತಿಗೆ 8ರ ಹತ್ತಿರ ತೂಕ.

ಒಟ್ಟು ವ್ಯಾಪಾರ ವಹಿವಾಟು ತಿಳಿಯುವುದಕ್ಕೆ ರೈಲಿನಲ್ಲಿ ಹೇರಿದ ಸರಕು, ಬ್ಯಾಂಕುಗಳಲ್ಲಿ ತೀರಿದ ಚೆಕ್ಕುಗಳು ಮುಂತಾದವನ್ನೂ ನೋಡುವುದುಂಟು. ಚೆಕ್ಕಿನ ಲೆಕ್ಕ ರೂಪಾಯಿನದಾದ್ದರಿಂದ ಬೆಲೆಯೇರಿಕೆಯ ಕಾಲದಲ್ಲಿ ಅದನ್ನು ನಂಬುವುದು ಕಷ್ಟ.

ರೈತರಿಗೆ ಸುಲಭವಾಗಿ ತಿಳಿಯುವ ಇನ್ನೊಂದು ಮಾತೆಂದರೆ ಋತುವಿನದು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ತಿಂಗಳುಗಳಲ್ಲಿ ಭರದಿಂದ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಜನವರಿಯನ್ನು ಜುಲೈಗೆ ಹೋಲಿಸಿದರೆ ದೇಶ ಮುಳುಗಿತೆಂದು ತೋರೀತು. ಆದುದರಿಂದ ಈ ಜನವರಿಯನ್ನು ಹೋದ ಜನವರಿಗೆ ಹೋಲಿಸಬೇಕು. ಅದೂ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಸಾಂಕ್ರಾಮಿಕದ ದೆಸೆಯಿಂದ ಬೀಗ ಬಿದ್ದಾಗ ಎಷ್ಟೋ ಕಾರ್ಖಾನೆಗಳು ಸೊನ್ನೆ ಉತ್ಪಾದನೆ ಬರೆದು ಕಳುಹಿಸಿದವು. ಆ ತಿಂಗಳನ್ನು ಹಿಂದಿನ ತಿಂಗಳುಗಳೊಡನೆ ಹೋಲಿಸುವುದು ಸರಿಯಲ್ಲವೆಂದು ಸರ್ಕಾರವೇ ತಿಳಿಸಿತು.

ಇಷ್ಟೆಲ್ಲಾ ನಿಂತಿರುವುದು ಪ್ರತಿ ಕಾರ್ಖಾನೆಯವನು ಭರ್ತಿ ಮಾಡುವ ನಮೂನೆಯ ಮೇಲೆ. ನಮೂನೆಯ ವಿಚಾರ ಬಂದಾಗ ನನ್ನ ತಪ್ಪೊಂದನ್ನು ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೊದಲ ಮುಂಗಾರಿನಲ್ಲಿ, ಹಳ್ಳಕ್ಕೆ ನೀರು ಬಂದಿತೆಂಬ ನೆಪದಿಂದ ಆಚೆಯ ಊರಿಗೆ ಹೋಗದೆ, ಅಲ್ಲಿನ ಜೋಳದ ವಿಸ್ತೀರ್ಣವನ್ನು ಅಂದಾಜಿನ ಮೇಲೆ ಕಡಿಮೆ ಬರೆದೆ. ಬೀಜ ಅದೇ ಲೆಕ್ಕಕ್ಕೆ ಬಂತು. ಹನ್ನೊಂದು ಮನೆಯವರಿಗೆ ಸಾಲಲಿಲ್ಲ; ಮತ್ತೆ ತರಿಸುವಷ್ಟರಲ್ಲಿ ಹದ ಹೋಗಿತ್ತು. ಆ ಮನೆಗಳ ಮುಂದೆ ಹಾಯುವಾಗ ಈಗಲೂ ನನ್ನ ಸೈಕಲ್ಲು ತಾನಾಗಿ ನಿಧಾನವಾಗುತ್ತದೆ. ದೇಶದ ಲೆಕ್ಕದಲ್ಲೂ ಹೀಗೆಯೇ: ಸಿಮೆಂಟು, ಗೊಬ್ಬರ ಎಷ್ಟು ಆಗುತ್ತಿದೆ, ಎಷ್ಟು ಹೊರಗಿನಿಂದ ತರಿಸಬೇಕು ಎಂಬ ತೀರ್ಮಾನ ಇಂಥ ಅಂಕಿಗಳನ್ನು ನೋಡಿಯೇ ಆಗುತ್ತದೆ. ತಡವಾಗಿ ಬರುವ ನಮೂನೆಗಳಿಂದಾಗಿ ಮೊದಲು ಪ್ರಕಟವಾದ ಅಂಕಿಯನ್ನು ಆಮೇಲೆ ತಿದ್ದುವುದು ವಾಡಿಕೆ. ತಿದ್ದಿದರೆಂದು ಅನುಮಾನಪಡಬೇಕಾಗಿಲ್ಲ.

ಈ ಸೂಚ್ಯಂಕ ದೇಶದ ಎಲ್ಲ ದುಡಿಮೆಯ ಲೆಕ್ಕವಲ್ಲ. 1949ರಲ್ಲಿ ನೇಮಕವಾದ ಮಹಾಲನೋಬಿಸ್, ಗಾಡ್ಗೀಳ್, ವಿ.ಕೆ.ಆರ್.ವಿ. ರಾವ್ ಇವರ ಸಮಿತಿ ರಾಷ್ಟ್ರೀಯ ವರಮಾನವನ್ನು ಎಣಿಸಿದಾಗ (ರಾವ್ ಅವರು ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದವರು, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದವರು) ಹತ್ತಿರ ಹತ್ತಿರ ಅರ್ಧ ವರಮಾನ ಬೇಸಾಯದಿಂದಲೇ ಬರುತ್ತಿತ್ತು. ದೊಡ್ಡ ಕಾರ್ಖಾನೆಗಳದು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ.

ಇದನ್ನೆಲ್ಲಾ ಆ ಹಿರಿಯರಿಗೆ ಮತ್ತೆ ಹೋಗಿ ವಿವರಿಸಿದೆ. ಕೇಳಿಸಿಕೊಂಡು, "ಹಾಗಾದರೆ ನನ್ನ ಕಬ್ಬು ಅದರಲ್ಲಿ ಸೇರಿತೇ?" ಎಂದರು. ಸಕ್ಕರೆ ಕಾರ್ಖಾನೆಗೆ ಹಾಕಿದ್ದು ಸಕ್ಕರೆಯ ರೂಪದಲ್ಲಿ ಸೇರುತ್ತದೆ, ಊರ ಆಲೆಮನೆಯ ಬೆಲ್ಲ ಈ ಅಂಕಿಗೆ ಸೇರುವುದಿಲ್ಲ, ಅಂಥ ಸಣ್ಣ ಕಸುಬುಗಳನ್ನು ಬೇರೆ ಸಮೀಕ್ಷೆಗಳಲ್ಲಿ ಮಾದರಿ ತೆಗೆದು ಎಣಿಸುತ್ತಾರೆ ಎಂದೆ. ಹೋದ ವರ್ಷ ಅವರು ಕಬ್ಬನ್ನೆಲ್ಲಾ ಆಲೆಮನೆಗೇ ಹೊತ್ತಿದ್ದರು. "ಸರಿ, ಆ ಸಮೀಕ್ಷೆಯವರು ಬಂದರೆ ನಮ್ಮನೆ ತೋರಿಸು" ಎಂದು ಎದ್ದು, ಎಮ್ಮೆಗೆ ಹುಲ್ಲು ಹಾಕಲು ಹೋದರು.