ತಂದೆಯ ಒಂದು ಒಳ್ಳೆಯ ಮಾತು



ತಳುಕಿನ ಮನೆತನದ ತ.ರಾ.ಸು. ಅವರ ‘ನಾಗರಹಾವು’ ಕಾದಂಬರಿಯನ್ನು ಓದದವರೂ ರಾಮಾಚಾರಿಯನ್ನು ಬಲ್ಲರು. ಅದರೊಂದಿಗೆ ‘ಒಂದು ಗಂಡು ಎರಡು ಹೆಣ್ಣು’ ಹಾಗೂ ‘ಸರ್ಪಮತ್ಸರ’ ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಚಿತ್ರ ನಮ್ಮ ಚಿತ್ರದುರ್ಗದ ಕೋಟೆಯನ್ನು ನಾಡಿಗೆಲ್ಲ ತೋರಿಸಿತು. ನಮ್ಮ ಕ್ರೈಸ್ತ ಮನೆಗಳಲ್ಲಿ ಆ ಕಥೆಯ ಮಾತು ಬಂದರೆ ಮಾರ್ಗರೆಟ್‌ಳ ಬಗ್ಗೆಯೇ ಚರ್ಚೆ. ನನ್ನನ್ನು ಕಾಡುವುದು ಬೇರೆ ಸಂಗತಿ.

ರಾಮಾಚಾರಿಗೆ ಮನೆಯಲ್ಲಿ ತಂದೆಯಿದ್ದಾರೆ. ಆದರೂ ಅವನು ಒಳ್ಳೆಯವನೆನಿಸಿಕೊಳ್ಳಲು ಹಂಬಲಿಸುವುದು ಚಾಮಯ್ಯ ಮೇಷ್ಟ್ರಿಂದ. ಊರು ಪುಂಡನೆಂದು ದೂರುವ ಹುಡುಗನನ್ನು ಅವರು ಸ್ವಂತ ಮಗನಂತೆ ಕಂಡರು. ಅವರು ಕೇಳಿದರೆಂದು ತಾನು ಪ್ರೀತಿಸಿದ ಅಲಮೇಲುವನ್ನೂ ಅವನು ಬಿಟ್ಟುಕೊಟ್ಟ. ಇದನ್ನು ಗುರುಭಕ್ತಿ ಎಂದು ಎಲ್ಲರೂ ಹೊಗಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೇಷ್ಟ್ರ ಪ್ರೀತಿ ನಿಜವೇ. ಆದರೆ ಅದೊಂದನ್ನು ಬಿಟ್ಟರೆ ಬೇರೆ ಆಸರೆಯೇ ಇಲ್ಲದ ಹುಡುಗ ಅವರಿಗೆ ಇಲ್ಲವೆನ್ನುವುದಾದರೂ ಹೇಗೆ? ಅಲಮೇಲುವಿನ ಬಾಳು ಹಾಳಾಯಿತು. ಕೊನೆಗೆ ಮೇಷ್ಟ್ರೂ ಉಳಿಯಲಿಲ್ಲ, ಶಿಷ್ಯನೂ ಉಳಿಯಲಿಲ್ಲ.

ಇದೇ ಹಸಿವು ಅಣ್ಣತಮ್ಮಂದಿರ ನಡುವೆ ಹುಟ್ಟಿದಾಗ ಮತ್ಸರವಾಗುತ್ತದೆ. ಪವಿತ್ರ ಗ್ರಂಥದಲ್ಲಿ ಯಕೋಬನ ಮನೆಯನ್ನು ನೋಡಿರಿ. ಅವನ ತಂದೆ ಇಸಾಕನಿಗೆ ಹಿರಿಯ ಮಗ ಏಸಾವನೇ ಅಚ್ಚುಮೆಚ್ಚು. ತಂದೆಯ ಆಶೀರ್ವಾದಕ್ಕಾಗಿ ಯಕೋಬ ಅಣ್ಣನ ಬಟ್ಟೆ ತೊಟ್ಟು, ಕೈಗೆ ಮೇಕೆಮರಿಯ ಚರ್ಮ ಸುತ್ತಿಕೊಂಡು, ಕಣ್ಣು ಮಂಜಾದ ಮುದುಕನ ಮುಂದೆ ನಿಂತ. ಇಷ್ಟು ನೊಂದವನು ತಾನು ತಂದೆಯಾದಾಗ ಎಚ್ಚರದಿಂದಿರಬೇಕಿತ್ತಲ್ಲವೇ? ಅವನೂ ಜೋಸೆಫನೊಬ್ಬನಿಗೇ ಅಂದದ ನಿಲುವಂಗಿ ಮಾಡಿಸಿಕೊಟ್ಟ. ಅಣ್ಣಂದಿರು ಜೋಸೆಫನೊಡನೆ ನೆಟ್ಟಗೆ ಮಾತನಾಡುವುದನ್ನೇ ಬಿಟ್ಟರು. ಅವನನ್ನು ಮಾರಿಬಿಟ್ಟು, ಆ ಅಂಗಿಯನ್ನೇ ಮೇಕೆಯ ರಕ್ತದಲ್ಲಿ ಅದ್ದಿ ತಂದೆಗೆ ಕಳುಹಿಸಿದರು. ಮೇಕೆಯಿಂದ ತಂದೆಯನ್ನು ವಂಚಿಸಿದವನು ಮೇಕೆಯಿಂದಲೇ ವಂಚಿತನಾದ!

ಹಿರಿಯೂರಾಗಲಿ ಹೊಳಲ್ಕೆರೆಯಾಗಲಿ, ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಈ ಅಂಗಿ ನಮ್ಮ ಮನೆಗಳಲ್ಲೂ ಹೊರಬರುತ್ತದೆ. ಒಮ್ಮೆ ನಾನು ಮನೆ ಭೇಟಿಗೆ ಹೋದಾಗ ತಂದೆಯೊಬ್ಬರು ಮಗಳ ಅಂಕಪಟ್ಟಿಯನ್ನು ಸಂಭ್ರಮದಿಂದ ತೋರಿಸಿದರು. ತಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದ. “ಇವನು ಹೇಗೆ ಓದುತ್ತಾನೆ?” ಎಂದೆ. “ಇವನದ್ದು ಬಿಡಿ ಫಾದರ್” ಎಂದರು. ನಾನೂ ನಕ್ಕುಬಿಟ್ಟೆ. ಹುಡುಗ ಒಳಗೆ ಹೋದವನು ನಾನು ಹೊರಡುವವರೆಗೂ ಬರಲಿಲ್ಲ. ಆ ನಗುವಿಗಾಗಿ ನನಗೆ ಇಂದಿಗೂ ನಾಚಿಕೆ.

ಜೋರ್ಡನ್ ನದಿಯಲ್ಲಿ ಯೇಸುಸ್ವಾಮಿ ಸ್ನಾನದೀಕ್ಷೆ ಪಡೆದಾಗ ಪರಲೋಕದಿಂದ ತಂದೆಯ ವಾಣಿ ಕೇಳಿಸಿತು: ಈತ ತನ್ನ ಪ್ರಿಯ ಪುತ್ರ, ಈತನನ್ನು ತಾನು ಮೆಚ್ಚಿದ್ದೇನೆ ಎಂದು. ಮಾರ್ಕನ ಶುಭಸಂದೇಶದಲ್ಲಿ ಇದು ಮೊದಲನೇ ಅಧ್ಯಾಯದಲ್ಲೇ ಬರುತ್ತದೆ. ಆಗಿನ್ನೂ ಯೇಸು ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಒಂದು ಸಾಮತಿಯನ್ನೂ ಹೇಳಿರಲಿಲ್ಲ.

ಈ ವಾರ ಜಪಸರದ ನಂತರ ಆದಿಕಾಂಡದ 37ನೇ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ತಂದೆಯೇ ಓದಲಿ. ನಡುನಡುವೆ ತಲೆಯೆತ್ತಿ ಮಕ್ಕಳ ಮುಖವನ್ನೂ ನೋಡಲಿ.