ಸೈಕಲ್ಲಿಗೆ ಎಲ್‌ಇಡಿ ದೀಪ: ಲೆಕ್ಕ ಹಾಕಿ ಜೋಡಿಸೋಣ



ನಾವಿರುವ ಕೊಲ್ಲಿ ನಾಡಿನಲ್ಲಿ ಬೇಸಿಗೆಯ ಹಗಲಲ್ಲಿ ಸೈಕಲ್ ತುಳಿಯುವುದು ಕಷ್ಟ. ಹೊತ್ತು ಮುಳುಗಿದ ಮೇಲೆಯೇ ನೀವೆಲ್ಲ ಹೊರಗೆ ಬರುತ್ತೀರಿ. ಆಗ ಕಾರು ಓಡಿಸುವವರಿಗೆ ನೀವು ದೂರದಿಂದಲೇ ಕಾಣಿಸಬೇಕು. ಅದಕ್ಕೇ ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಹತ್ತನೆಯ ತರಗತಿಯ ಓಮ್ ನಿಯಮ ಗೊತ್ತಿದ್ದರೆ ಇದನ್ನು ನಾವೇ ಜೋಡಿಸಬಹುದು.

ಎಲ್‌ಇಡಿಯ ಸ್ವಭಾವ

ಎಲ್‌ಇಡಿ ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಬಿಡುತ್ತದೆ. ಉದ್ದ ಕಾಲು ಧನ, ಗಿಡ್ಡ ಕಾಲು ಋಣ. 5 ಮಿ.ಮೀ. ಗಾತ್ರದ ಸಾಮಾನ್ಯ ಎಲ್‌ಇಡಿಗೆ 20 ಮಿಲಿ ಆಂಪಿಯರ್ ಸಾಕು. ಕೆಂಪಿಗೆ ಸುಮಾರು 2 ವೋಲ್ಟ್, ಬಿಳಿಗೆ ಸುಮಾರು 3.2 ವೋಲ್ಟ್ ಬೇಕು. ಬಿಳಿಯದು ನಿಜವಾಗಿ ಫಾಸ್ಫರ್ ಲೇಪಿಸಿದ ನೀಲಿ ಎಲ್‌ಇಡಿ. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದಿತು.

ಲೆಕ್ಕ

12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಸುಮಾರು 13 ವೋಲ್ಟ್ ಇರುತ್ತದೆ. ಆದ್ದರಿಂದ 13ನ್ನೇ ಹಿಡಿಯೋಣ.

ಮೂರು ಬಿಳಿ ಒಂದು ಸಾಲಿನಲ್ಲಿ: 3 × 3.2 = 9.6 ವೋಲ್ಟ್. ಉಳಿದದ್ದು 3.4 ವೋಲ್ಟ್. 3.4 ÷ 0.02 = 170 ಓಮ್. ಅಂಗಡಿಯಲ್ಲಿ ಸಿಗುವ 180 ಓಮ್ ರೆಸಿಸ್ಟರ್ ಹಾಕಿ.

ಮೂರು ಕೆಂಪು ಒಂದು ಸಾಲಿನಲ್ಲಿ: 6 ವೋಲ್ಟ್. ಉಳಿದದ್ದು 7 ವೋಲ್ಟ್. 7 ÷ 0.02 = 350 ಓಮ್. 390 ಓಮ್ ಹಾಕಿ.

ಎರಡಕ್ಕೂ ಕಾಲು ವ್ಯಾಟ್ ರೆಸಿಸ್ಟರ್ ಸಾಕು. ನಾಲ್ಕು ಬಿಳಿ ಸಾಲು, ಎರಡು ಕೆಂಪು ಸಾಲು ಸೇರಿ ಸುಮಾರು 112 ಮಿಲಿ ಆಂಪಿಯರ್. 1.2 ಆಂಪಿಯರ್-ಗಂಟೆಯ ಸೀಲ್ಡ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಿದರೂ ಐದು ಗಂಟೆ ಬೆಳಕು ಸಿಗುತ್ತದೆ.

ಜೋಡಿಸುವ ಕ್ರಮ

1. ಪ್ರತಿ ಸಾಲಿಗೂ ಅದರದೇ ರೆಸಿಸ್ಟರ್ ಇರಲಿ. ಸಾಲುಗಳನ್ನು ಸಮಾಂತರವಾಗಿ ಸೇರಿಸಿ.
2. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್, ಆಮೇಲೆ ಸ್ವಿಚ್, ಆಮೇಲೆ ದೀಪ.
3. ಊರಲ್ಲಿ ಅಜ್ಜನ ಸೈಕಲ್ಲಿನ ಡೈನಮೋಗೆ ಒಂದೇ ವೈರ್ ಇರುತ್ತಿತ್ತು. ಮರಳುವ ದಾರಿ ಸೈಕಲ್ಲಿನ ಕಬ್ಬಿಣವೇ. ನಾವು ಹಾಗೆ ಮಾಡದೆ ಎರಡು ವೈರ್ ಎಳೆಯೋಣ.
4. ಬ್ಯಾಟರಿಯನ್ನು ಕೊನೆಗೆ ಜೋಡಿಸಿ.

ಫ್ಯೂಸ್ ಬಿಡಲೇಬೇಡಿ. ಹ್ಯಾಂಡಲ್ ತಿರುಗಿದಂತೆಲ್ಲ ವೈರ್ ಸವೆಯುತ್ತದೆ. ಎರಡು ವೈರ್ ತಾಗಿದರೆ ಈ ಪುಟ್ಟ ಬ್ಯಾಟರಿಯೇ ವೈರನ್ನು ಕೆಂಪಗೆ ಕಾಯಿಸಿ ಬೆಂಕಿ ಹಚ್ಚಬಲ್ಲದು.

ಮೋಟಾರ್ ಸೈಕಲ್ಲಾದರೆ

ವಿದ್ಯುತ್ ಮೋಟಾರ್ ಇರುವ ಸೈಕಲ್ಲಿನ 36 ವೋಲ್ಟ್ ಲಿಥಿಯಂ ಬ್ಯಾಟರಿ ತುಂಬಿದಾಗ 42 ವೋಲ್ಟ್ ಇರುತ್ತದೆ. ನಮ್ಮ ದೀಪವನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಆ ಬ್ಯಾಟರಿಯನ್ನು ಬಿಚ್ಚಲೂ ಬಾರದು. ಪೆಟ್ರೋಲ್ ಎಂಜಿನ್ ಇದ್ದರೆ ಅದರ ಕಾಯಿಲ್‌ನ ವೋಲ್ಟೇಜ್ ವೇಗದೊಂದಿಗೆ ಏರಿಳಿಯುತ್ತದೆ. ಎರಡಕ್ಕೂ ದೀಪದ ಬ್ಯಾಟರಿ ಬೇರೆಯೇ ಇರಲಿ.

ಪೋಷಕರಲ್ಲಿ ವಿನಂತಿ: ಬೆಸುಗೆ ಹಾಕುವಾಗ ಮಕ್ಕಳ ಜೊತೆಗಿರಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಯಾವ ಬ್ಯಾಟರಿಯನ್ನೂ ಬಿಡಬೇಡಿ. ಈ ದೀಪ ಇತರರಿಗೆ ನಾವು ಕಾಣಲೆಂದು. ಕತ್ತಲ ರಸ್ತೆಯನ್ನು ಬೆಳಗಲು ಇದು ಸಾಲದು.

ಯೋಚಿಸಿ: ಒಂದೇ ಸಾಲಿಗೆ ನಾಲ್ಕು ಬಿಳಿ ಎಲ್‌ಇಡಿ ಹಾಕಿದರೆ, ಬ್ಯಾಟರಿ ಸ್ವಲ್ಪ ಇಳಿದಾಗ ಏನಾಗುತ್ತದೆ? ಲೆಕ್ಕ ಹಾಕಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.